ಮಳೆ ಬಿಟ್ಟ ಮೇಲೆ ಅಂಗಳಕ್ಕೆ ಕೆಂಪು ಬರಬೇಕಾದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಅಂಗಳದಲ್ಲಿ ಹಸಿರು ಮತ್ತು ಪಾಚಿಯದೇ ರಾಜ್ಯ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ಮಧ್ಯಕ್ಕೆ, ಮೋಡ ಸರಿದು ಬಿಸಿಲು ಇಣುಕುತ್ತದೆ. ಅಲ್ಲಿಂದ ನಮ್ಮ ಸುಗ್ಗಿ ಹಬ್ಬ ಪುತ್ತರಿವರೆಗಿನ ದಿನಗಳೇ ನಮ್ಮ ಶರತ್ಕಾಲ. ಆಗ ಮನೆ ಮುಂದೆ ಕೆಂಪು, ಹಳದಿ, ಕಿತ್ತಳೆ ಕಾಣಬೇಕು ಅಂದರೆ ಕೆಲಸವನ್ನು ಮಳೆಗೆ ಮೊದಲೇ ಶುರುಮಾಡಬೇಕು. ಅಕ್ಟೋಬರ್‌ನಲ್ಲಿ ನರ್ಸರಿಗೆ ಓಡಿದರೆ ತಡವಾಗಿರುತ್ತದೆ.

ಮೇಪಲ್ ಮರದ ಫೋಟೊ ನೋಡಿ ಅದೇ ಬೇಕು ಅನ್ನುವವರು ಜಾಸ್ತಿ. ಅದಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು, ಮಡಿಕೇರಿಯ ಚಳಿ ಸಾಲದು. ಮರವೇ ಬೇಕು, ಜಾಗವೂ ಇದೆ ಅಂದರೆ ಹೊಳೆದಾಸವಾಳ ನೆಡಿ. ಅದರ ಎಲೆ ಉದುರುವ ಮೊದಲು ತಾಮ್ರದ ಬಣ್ಣಕ್ಕೆ, ಕೆಂಪಿಗೆ ತಿರುಗುತ್ತದೆ. ಬೇಸಿಗೆಯಲ್ಲಿ ನೇರಳೆ ಹೂವೂ ಸಿಗುತ್ತದೆ.

ಏಪ್ರಿಲ್–ಮೇ: ಗೆಡ್ಡೆಗಳ ಕಾಲ

ಮೊದಲು ನೀರು ಹರಿದುಹೋಗಲು ದಾರಿ ಮಾಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ನೆಲಮಟ್ಟದ ಪಾತಿಯಲ್ಲಿ ಗೆಡ್ಡೆ ಇಟ್ಟರೆ ಕೊಳೆತೇ ಹೋಗುತ್ತದೆ. ಒಂದಡಿ ಎತ್ತರದ ಏರು ಮಡಿ ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಾಕು. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ, ಅಲ್ಲಿಯವರಿಗೆ ಅಷ್ಟು ಎತ್ತರ ಬೇಕಿಲ್ಲ.

ಈ ಮಡಿಯಲ್ಲಿ ಡೇರೆ (ಡೇಲಿಯಾ) ಹೂವಿನ ಗೆಡ್ಡೆ ಇಡಿ. ಗೆಡ್ಡೆಯ ಕುತ್ತಿಗೆಯಲ್ಲಿ ಕಣ್ಣು ಇರಲೇಬೇಕು, ಇಲ್ಲದಿದ್ದರೆ ಮೊಳಕೆ ಬರುವುದಿಲ್ಲ. ಊರುಗೋಲನ್ನು ಅದೇ ದಿನ ನೆಟ್ಟುಬಿಡಿ. ಆಮೇಲೆ ನೆಡಲು ಹೋದರೆ ಗೆಡ್ಡೆಗೆ ಏಟಾಗುತ್ತದೆ.

ಬೇಲಿ ಪಕ್ಕದಲ್ಲಿ ತೋಕ್ ಪೂ, ಅಂದರೆ ಅಗ್ನಿಶಿಖೆ ಬಳ್ಳಿ, ಇರಲಿ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಮುಡಿಸುವ ಹೂವು ಇದೇ. ಎಲೆಯ ತುದಿಯನ್ನೇ ಬೆರಳಿನಂತೆ ಸುತ್ತಿಕೊಂಡು ಹತ್ತುತ್ತದೆ. ಎಸಳು ಮೊದಲು ಹಳದಿ, ದಿನ ಕಳೆದಂತೆ ಕೆಂಪು. ಒಂದೇ ಬಳ್ಳಿಯಲ್ಲಿ ಎರಡೂ ಬಣ್ಣ ಒಟ್ಟಿಗೆ ಕಾಣುವುದು ಎಷ್ಟು ಚೆಂದ! ಆದರೆ ಇಡೀ ಗಿಡವೇ ವಿಷ, ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ. ಮಕ್ಕಳು, ದನ, ನಾಯಿ ಸುಳಿಯುವ ಕಡೆ ಬೇಡ. ಕೈಗವಸು ಹಾಕಿಕೊಂಡೇ ನೆಡಿ.

ಮೇ ಕೊನೆ: ಕಡ್ಡಿ ನೆಡುವುದು

ಇನ್ನು ಪಾಯಿನ್‌ಸೆಟಿಯಾ. ಕ್ರಿಸ್‌ಮಸ್ ಗಿಡ ಅಂದರೆ ಎಲ್ಲರಿಗೂ ಗೊತ್ತು. ಮೂಲ ಮೆಕ್ಸಿಕೊ, ಆದರೆ ನಮ್ಮ ಬೆಟ್ಟದ ಹವೆಗೆ ಸೊಗಸಾಗಿ ಒಗ್ಗುತ್ತದೆ. ಆರು ಇಂಚಿನ ಕಡ್ಡಿ ಕತ್ತರಿಸಿ. ಬಿಳಿ ಹಾಲು ಒಸರುತ್ತದೆ, ಕಣ್ಣಿಗೆ ಮುಟ್ಟಿಸಿಕೊಳ್ಳಬೇಡಿ. ಕತ್ತರಿಸಿದ ತುದಿಯನ್ನು ಸ್ವಲ್ಪ ಹೊತ್ತು ನೀರಿನಲ್ಲಿಟ್ಟು, ಹಾಲು ನಿಂತ ಮೇಲೆ ಕುಂಡಕ್ಕೆ ಚುಚ್ಚಿ. ಕುಂಡ ಸೂರಿನ ಕೆಳಗಿರಲಿ, ಆದರೆ ಸೂರಿನಿಂದ ನೀರು ಇಳಿಯುವ ಸಾಲಿನಲ್ಲಿ ಬೇಡ.

ಗಿಡ ಚಿಗುರಿದ ಮೇಲೆ ಕುಡಿ ಚಿವುಟುತ್ತಿರಿ. ಒಂದು ಕುಡಿ ಚಿವುಟಿದರೆ ಮೂರು ನಾಲ್ಕು ರೆಂಬೆ ಒಡೆಯುತ್ತವೆ. ಸೆಪ್ಟೆಂಬರ್ ಮೊದಲ ವಾರಕ್ಕೆ ಚಿವುಟುವುದು ನಿಲ್ಲಿಸಿಬಿಡಿ.

ಬಣ್ಣದ ಎಲೆಯ ಕೋಲಿಯಸ್‌ಗೆ ಹೇಳುವಷ್ಟು ಏನೂ ಇಲ್ಲ. ಸುಮ್ನೆ ಒಂದು ಕುಡಿಯನ್ನು ನೀರಿನ ಲೋಟದಲ್ಲಿಟ್ಟರೂ ಬೇರು ಬಿಡುತ್ತದೆ. ಹೂವಿನ ತೆನೆ ಬಂದರೆ ಚಿವುಟಿ, ಎಲೆ ಸೊಂಪಾಗಿರುತ್ತದೆ. ಕ್ರೋಟನ್ ಇದ್ದರೆ ಕಾಫಿ ತೋಟದ ನೆರಳಿನಿಂದ ಹೊರಗೆ ತನ್ನಿ. ಬೆಳಕು ಕಡಿಮೆಯಾದರೆ ಅದರ ಹಳದಿ, ಕೆಂಪು ಮಂಕಾಗಿ ಎಲೆ ಹಸಿರಿಗೆ ತಿರುಗುತ್ತದೆ.

ಅಕ್ಟೋಬರ್: ಕತ್ತಲು ಕೊಡಿ

ಹೆಚ್ಚಿನವರು ಸೋಲುವುದು ಇಲ್ಲೇ. ಪಾಯಿನ್‌ಸೆಟಿಯಾದ ಕೆಂಪು ಹೂವಲ್ಲ, ಅದು ಎಲೆ. ನಿಜವಾದ ಹೂವು ನಡುವೆ ಕಾಣುವ ಹಳದಿ ಗುಂಡುಗಳು. ರಾತ್ರಿ 12 ಗಂಟೆಗಿಂತ ಉದ್ದವಾಗಿದೆ ಅಂತ ಗಿಡಕ್ಕೆ ಗೊತ್ತಾದರೆ ಮಾತ್ರ ಆ ಎಲೆ ಕೆಂಪಾಗುತ್ತದೆ. ಅಕ್ಟೋಬರ್‌ನಿಂದ ನಮ್ಮಲ್ಲಿ ರಾತ್ರಿ ತಾನಾಗೇ ಉದ್ದವಾಗುತ್ತದೆ. ನಡುವೆ ಒಂದು ಬಲ್ಬ್ ಉರಿದರೂ ಲೆಕ್ಕ ತಪ್ಪುತ್ತದೆ.

ನಮ್ಮ ಮನೆಯ ಒಂದು ಗಿಡ ಎರಡು ವರ್ಷ ಬರೀ ಹಸಿರಾಗಿಯೇ ಉಳಿಯಿತು. ಗೊಬ್ಬರ ಬದಲಿಸಿದೆ, ಮಣ್ಣು ಬದಲಿಸಿದೆ, ಏನೂ ಆಗಲಿಲ್ಲ. ವರಾಂಡದ ಲೈಟು ರಾತ್ರಿಯಿಡೀ ಅದರ ಮೇಲೇ ಬೀಳುತ್ತಿತ್ತು ಅನ್ನುವುದು ಆಮೇಲೆ ಹೊಳೆಯಿತು. ಮೂರನೇ ವರ್ಷ ಕುಂಡವನ್ನು ಮನೆ ಹಿಂದಕ್ಕೆ ಸರಿಸಿದೆ. ಡಿಸೆಂಬರ್‌ಗೆ ಗಿಡವೆಲ್ಲ ಕೆಂಪು!

ನಿಮ್ಮ ಮನೆ ಮುಂದೆ ಬೀದಿ ದೀಪ ಇದ್ದರೆ ಸಂಜೆ 5ಕ್ಕೆ ಕುಂಡದ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಹಗಲು ಒಳ್ಳೆ ಬಿಸಿಲು ಬೇಕು. ಎಂಟರಿಂದ ಹತ್ತು ವಾರ ಬಿಡದೆ ಮಾಡಬೇಕು, ಸ್ವಲ್ಪ ತಾಳ್ಮೆಯ ಕೆಲಸ. ಸೇವಂತಿಗೆಯೂ ಇದೇ ಸ್ವಭಾವದ್ದು, ಅದನ್ನೂ ದೀಪದಿಂದ ದೂರ ಇಡಿ.

ಒಂದು ಗಿಡ ಮಾತ್ರ ದಯವಿಟ್ಟು ನೆಡಬೇಡಿ: ಹಳದಿ ಗೊಂಚಲಿನ ಸೆನ್ನಾ ಸ್ಪೆಕ್ಟಾಬಿಲಿಸ್. ಚೆಂದಕ್ಕೆ ಅಂತ ತಂದದ್ದು ಇವತ್ತು ವಯನಾಡು, ನಾಗರಹೊಳೆ ಕಾಡುಗಳಲ್ಲಿ ಹಬ್ಬಿ, ಕಾಡಿನ ಗಿಡಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತಿದೆ. ಹಳದಿ ಬೇಕಾದರೆ ಚೆಂಡುಹೂವಿನ ಬೀಜ ಆಗಸ್ಟ್‌ನಲ್ಲಿ ಸೂರಿನಡಿ ಬಿತ್ತಿ, ಮಳೆ ಇಳಿದ ಮೇಲೆ ಸಸಿ ನೆಡಿ.

ಮಾರ್ಚ್‌ನಲ್ಲಿ ಪಾಯಿನ್‌ಸೆಟಿಯಾ ಕೆಂಪೆಲ್ಲ ಉದುರಿ ಬೋಳಾದಾಗ ಗಿಡ ಸತ್ತಿತು ಅಂತ ಕಿತ್ತು ಬಿಸಾಡಬೇಡಿ. ಅರ್ಧ ಅಡಿ ಬಿಟ್ಟು ಕತ್ತರಿಸಿ, ನೀರು ಕಡಿಮೆ ಮಾಡಿ. ಮೊದಲ ಬೇಸಿಗೆ ಮಳೆ ಬಿದ್ದ ಮೇಲೆ ಚಿಗುರುತ್ತದೆ.