ಲೋಡು ಹಿಡಿಯೋ ಮುಂಚೆ ಹೊಟ್ಟೆ ಎದೆ ನೋಡ್ಕೊಳ್ಳೋದು: ನನ್ನ ಅನುಭವ

"ಜೋಳದ ಹಸಿ ನೋಡೋ ಮಾರಾಯ, ನಿನ್ನ ಎದೆ ಬಡಿತ ಯಾಕೆ ನೋಡ್ತೀಯ" ಅಂತ ನಾನು ಮೆಕ್ಕೆಜೋಳ ಕೊಳ್ಳೋ ನಮ್ಮ ದಾವಣಗೆರೆ ಮಾರ್ಕೆಟ್ ಯಾರ್ಡಿನಲ್ಲಿ ಎಲ್ಲರೂ ಅಂದಿದ್ರು. ಮಾಲು ಕೊಳ್ಳೋ ಮುಂಚೆ ನನ್ನ ಮೈ ಏನು ಹೇಳುತ್ತೆ ಅಂತ ನೋಡ್ಕೊಳ್ಳೋದು ನನ್ನ ಅಭ್ಯಾಸ. ಎರಡು ಸೀಸನ್ ಲೆಕ್ಕ ಈಗ ಕೈಯಲ್ಲೈತೆ, ಅದಕ್ಕೇ ಬರೀತಿದ್ದೀನಿ. ಹಸಿ (ತೇವ) ಅಳೆಯೋ ಮೀಟರು, ತೂಕ, ಹಮಾಲಿ ನಿಮಗೆ ಗೊತ್ತಿರೋದೇ, ಬಿಡ್ತೀನಿ.

ನಾಲ್ಕು ವರ್ಷದ ಹಿಂದೆ ನವೆಂಬರಲ್ಲಿ ಜಗಳೂರು ಕಡೆಯಿಂದ ಎರಡು ಲೋಡು ಮೆಕ್ಕೆಜೋಳ ಬಂತು. ಅವತ್ತು ಬೆಳಗ್ಗೆ ತಮ್ಮನ ಜೊತೆ ಜಾಗದ ವಿಷಯಕ್ಕೆ ಜಗಳ ಆಡಿ ತಿಂಡಿ ಬಿಟ್ಟು ಬಂದಿದ್ದೆ. ಪಕ್ಕದ ಅಂಗಡಿ ಅಣ್ಣ ರೇಟ್ ಏರಿಸಿದ್ರು, ನಾನು ಹಠಕ್ಕೆ ಬಿದ್ದು ಇನ್ನೂ ಏರಿಸಿದೆ, ಮೀಟರು 17 ಪರ್ಸೆಂಟ್, ಅಂದ್ರೆ ಗೋಡೌನಲ್ಲಿ ಇಡೋಕೆ ಆಗದಷ್ಟು ಹಸಿ, ತೋರಿಸ್ತಿರೋದು ಕಣ್ಣಿಗೆ ಕಾಣ್ತಿತ್ತು, ಆದ್ರೂ ತಗೊಂಡೆ. ಹತ್ತು ದಿನಕ್ಕೆ ಗೋಡೌನಲ್ಲಿ ಚೀಲದೊಳಗೆ ಕೈ ಹಾಕಿದ್ರೆ ಬಿಸಿ, ಬೂಷ್ಟು ವಾಸನೆ. ಕೋಳಿ ಫೀಡಿನೋರು ವಾಪಸ್ ಕಳಿಸಿದ್ರು. ಒಂದೂವರೆ ಲಕ್ಷದ ಹತ್ರ ಹೋಯ್ತು.

ಮುಂದಿನ ಸೀಸನ್ ಮನಸ್ಸಿನ ಮಾತೇ ಬೇಡ, ಬರೀ ಲೆಕ್ಕ ಅಂತ ಹೊರಟೆ. ಅದೂ ಕೈ ಕೊಡ್ತು. ಒಬ್ಬ ಬ್ರೋಕರು, ಕಾಗದ ಎಲ್ಲ ಸರಿ, ಅವನು ಮಾತಾಡುವಾಗೆಲ್ಲ ನನ್ನ ಅಂಗೈ ಬೆವರ್ತಿತ್ತು, ಲೆಕ್ಕ ಸರಿ ಐತಲ್ಲ ಅಂತ ಪಂಚೆಗೆ ಕೈ ಒರೆಸ್ಕೊಂಡು ಉದ್ರಿ ಕೊಟ್ಟೆ. ಎಂಬತ್ತು ಸಾವಿರ ಇನ್ನೂ ಬಂದಿಲ್ಲ.

ಮಗಳು ಸೈಕಾಲಜಿ ಓದ್ತಾಳೆ, ಅವಳು ಅಮೆರಿಕದ ಅಯೋವಾದಲ್ಲಿ ಬೆಚಾರಾ, ಡಮಾಸಿಯೊ ಅನ್ನೋರು 1990ರ ದಶಕದಲ್ಲಿ ಮಾಡಿದ ಇಸ್ಪೀಟಿನ ಪ್ರಯೋಗ ಹೇಳಿದ್ಲು. ನಾಲ್ಕು ಕಟ್ಟು, ಎರಡರಲ್ಲಿ ದೊಡ್ಡ ಲಾಭ, ಆದ್ರೆ ಕೊನೆಗೆ ನಷ್ಟವೇ. ಯಾವ ಕಟ್ಟು ಕೆಟ್ಟದ್ದು ಅಂತ ಬಾಯಲ್ಲಿ ಹೇಳೋಕೆ ಬರೋ ಮುಂಚೆನೇ ಜನಕ್ಕೆ ಅದರ ಕಡೆ ಕೈ ಹೋದ್ರೆ ಬೆವರು ಬರ್ತಿತ್ತಂತೆ. ಹಣೆ ಹಿಂದಿನ ಮೆದುಳಿಗೆ ಪೆಟ್ಟಾದೋರಿಗೆ ಬುದ್ಧಿ ಚೆನ್ನಾಗೇ ಇದ್ರೂ ಆ ಬೆವರು ಬರ್ತಿರಲಿಲ್ಲ, ಸೋಲೋ ಕಟ್ಟನ್ನೇ ಎಳೀತಿದ್ರಂತೆ. ನನಗೆ ಬೆವರು ಬಂದಿತ್ತು, ನಾನೇ ಒರೆಸಿ ಹಾಕಿದ್ದೆ.

ಹಾಗಂತ ಜೀವಕ್ಕೆ ಅನ್ನಿಸಿದ್ದೆಲ್ಲ ನಂಬಿದ್ರೂ ಕೆಟ್ಟೆ, ಮೊದಲ ವರ್ಷದ ಹಠವೂ ಒಳಗಿಂದ ಬಂದದ್ದೇ ಅಲ್ವಾ. ಕೊನೆಗೆ ಹೊಳೆದದ್ದು ಇಷ್ಟು: ಮನೆಯಿಂದ ಹೊತ್ಕೊಂಡು ಬಂದಿದ್ದು ಬೇರೆ, ಲೋಡಿನ ಮುಂದೆ ಹುಟ್ಟಿದ್ದು ಬೇರೆ. ಅದಕ್ಕೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ, ಯಾವ ಮಾಲೂ ನೋಡದೆ, ಜೇಬಿನ ಪುಸ್ತಕದಲ್ಲಿ ಬರೀತೀನಿ: ನಿದ್ದೆ ಎಷ್ಟು, ಹೊಟ್ಟೆ ಹೇಗೈತೆ, ಭುಜ ಬಿಗಿ ಐತಾ, ಯಾರ ಮೇಲೆ ಸಿಟ್ಟು. ಮಾಲು ಮಾರೋ ಪಾರ್ಟಿ ಮುಂದೆ ಕೂತಾಗ ಪುಸ್ತಕದಲ್ಲಿ ಇಲ್ಲದ್ದು ಏನಾದ್ರೂ ಎದ್ರೆ ಅದು ಲೋಡಿನ ಮಾತು, ಮಾಲು ಇನ್ನೊಮ್ಮೆ ಬಿಚ್ಚಿಸ್ತೀನಿ. ಬರೆದಿದ್ದೇ ಕಾಡ್ತಿದ್ರೆ ಮಂಡಕ್ಕಿ ಮಿರ್ಚಿ ತಿಂದು ಅರ್ಧ ಗಂಟೆ ಬಿಟ್ಟು ರೇಟು ಹೇಳ್ತೀನಿ. ಆ ಅರ್ಧ ಗಂಟೆಯಲ್ಲಿ ಪಾರ್ಟಿಗೆ ಒಂದು ಪ್ರಶ್ನೆ ಕೇಳ್ತೀನಿ, ಅದನ್ನ ಮಾತ್ರ ಇಲ್ಲಿ ಹೇಳಲ್ಲ.

ಇನ್ನೊಂದು, ಲಂಡನ್ನಿನ ಹಣಕಾಸು ಮಾರುಕಟ್ಟೆ ವ್ಯಾಪಾರದೋರ ಮೇಲೆ 2016ರಲ್ಲಿ ಒಂದು ಅಧ್ಯಯನ ಬಂದಿತ್ತು, ನಾಡಿ ಮುಟ್ಟದೆ ಎದೆ ಬಡಿತ ಸರಿಯಾಗಿ ಎಣಿಸೋರು ಜಾಸ್ತಿ ಲಾಭ ಮಾಡಿದ್ರು, ಜಾಸ್ತಿ ವರ್ಷ ಆ ಕೆಲಸದಲ್ಲಿ ಉಳಿದಿದ್ರು. ನಾನೂ ಶುರು ಮಾಡಿದೆ. ಮೊದಲು ನಿಮಿಷಕ್ಕೆ ಇಪ್ಪತ್ತು ತಪ್ಪುತ್ತಿತ್ತು, ಈಗ ನಾಲ್ಕೋ ಐದೋ. ಅದರ ಮಧ್ಯೆ ಕಾಫಿ ಮೇಲೂ ಪರೀಕ್ಷೆ ಮಾಡಿದೆ, ಎರಡು ಲೋಟ ಕುಡಿದ್ರೆ ಎದೆ ಓಡುತ್ತೆ, ಒಳ್ಳೆ ರೈತನ ಮೇಲೂ ಅನುಮಾನ ಬರುತ್ತೆ. ಈಗ ವ್ಯಾಪಾರ ಮುಗಿಯೋವರೆಗೂ ಕಾಫಿ ಇಲ್ಲ.

ಎರಡು ಸೀಸನಲ್ಲಿ ಅರವತ್ತರ ಹತ್ರ ಲೋಡು ಬಂತು, ಒಂಬತ್ತೋ ಹತ್ತೋ ಬಿಟ್ಟೆ. ಬಿಟ್ಟಿದ್ದರಲ್ಲಿ ಆರು, ತಗೊಂಡೋರ ಗೋಡೌನಲ್ಲಿ ಕೆಟ್ಟವು, ಎರಡು ಚೆನ್ನಾಗೇ ಇದ್ವು, ಅದು ನನ್ನ ನಷ್ಟ. ವಾಪಸ್ ಬಂದ ಮಾಲು ಒಂದೂ ಇಲ್ಲ. ಅವತ್ತು ನನ್ನ ಜೊತೆ ರೇಟ್ ಏರಿಸಿದ ಪಕ್ಕದ ಅಂಗಡಿ ಅಣ್ಣ ಮೊನ್ನೆ ಪುಸ್ತಕದ ಹಾಳೆ ಫೋಟೋ ತಗೊಂಡು ಹೋದ್ರು.

ಒಂದು ಕಡೆ ಇನ್ನೂ ಎಡವಿದೆ. ಮಗಳ ರಿಸಲ್ಟ್ ಬಂದ ದಿನ ಹೊಟ್ಟೆ ತುಂಬಿತ್ತು, ನಿದ್ದೆ ಆಗಿತ್ತು, ಸಿಟ್ಟು ಯಾರ ಮೇಲೂ ಇರಲಿಲ್ಲ, ಕ್ವಿಂಟಲಿಗೆ ಮೂವತ್ತು ರೂಪಾಯಿ ಜಾಸ್ತಿ ಕೊಟ್ಟು ಬಂದಿದ್ದೆ. ಈ ವರ್ಷದ ಪುಸ್ತಕದಲ್ಲಿ ಖುಷಿಗೂ ಒಂದು ಕಾಲಂ ಹಾಕಿದ್ದೀನಿ.