ಮಗುವಿನ ಕಾರ್ ಸೀಟು ಕಟ್ಟುವ ಮೊದಲು ಬೆಲ್ಟ್ ಎಲ್ಲಿ ಲಾಕ್ ಆಗುತ್ತದೆ ನೋಡಿ

ಒಂದು ಕಾರಿನಲ್ಲಿ ಬಿಗಿಯಾಗಿ ಕೂತ ಮಗುವಿನ ಸೀಟು ಇನ್ನೊಂದರಲ್ಲಿ ಅಲ್ಲಾಡುತ್ತದೆ. ಸೀಟು ಅದೇ, ಬೆಲ್ಟ್ ಬೇರೆ. ಎಷ್ಟೋ ಬೆಲ್ಟ್‌ಗಳು ಮೆಲ್ಲಗೆ ಎಳೆದರೆ ಬರುತ್ತವೆ, ಗಕ್ಕನೆ ಬ್ರೇಕ್ ಹಾಕಿದಾಗ ಮಾತ್ರ ಹಿಡಿದುಕೊಳ್ಳುತ್ತವೆ. ದೊಡ್ಡವರಿಗೆ ಅಷ್ಟು ಸಾಕು. ಮಗುವಿನ ಸೀಟನ್ನು ಕಟ್ಟಿದ ಬೆಲ್ಟ್ ಮಾತ್ರ ಸದಾ ಬಿಗಿಯಾಗಿರಬೇಕು. ಆ ಬಿಗಿ ಬೆಲ್ಟ್ ಒಳಗೆ ಸುತ್ತಿಕೊಳ್ಳುವ ಸುರುಳಿಯಿಂದ ಬರಬಹುದು, ಬಕಲ್‌ಗೆ ಸಿಕ್ಕಿಸುವ ನಾಲಿಗೆಯಿಂದ ಬರಬಹುದು, ಇಲ್ಲವೇ ಮಗುವಿನ ಸೀಟಿನಲ್ಲೇ ಇರುವ ಲಾಕ್‌ನಿಂದ ಬರಬಹುದು.

ಮೊದಲು ಸುರುಳಿ ನೋಡಿ. ಭುಜದ ಬೆಲ್ಟನ್ನು ಕೊನೆಯವರೆಗೂ ನಿಧಾನವಾಗಿ ಎಳೆದು ಒಳಗೆ ಬಿಡಿ. ಟಕ್ ಟಕ್ ಸದ್ದಾಗಿ, ಮತ್ತೆ ಎಳೆದರೆ ಬಾರದಿದ್ದರೆ ಅದು ಲಾಕ್ ಆಗುವ ಸುರುಳಿ. ಹಾಗಿದ್ದರೆ ಬೆಲ್ಟನ್ನು ಮಗುವಿನ ಸೀಟಿನ ಬೆಲ್ಟ್ ದಾರಿಯಲ್ಲಿ, ಅಂದರೆ ಬೆಲ್ಟ್ ಹಾದುಹೋಗಲು ಇರುವ ಜಾಗದಲ್ಲಿ, ತಿರುಚದೆ ತೂರಿಸಿ, ಬಕಲ್ ಹಾಕಿ, ಆಮೇಲೆ ಪೂರ್ತಿ ಎಳೆದು ಲಾಕ್ ಮಾಡಿ. ಬೆಲ್ಟ್ ದಾರಿಯ ಹತ್ತಿರ ಒಂದು ಕೈಯಿಂದ ಸೀಟನ್ನು ಕೆಳಕ್ಕೆ ಒತ್ತಿ, ಇನ್ನೊಂದು ಕೈಯಿಂದ ಸಡಿಲವನ್ನೆಲ್ಲ ಸುರುಳಿಗೆ ಬಿಡಿ. ಹಿಮ್ಮುಖವಾಗಿ ಕೂರುವ ಸೀಟನ್ನು ಈ ಬೆಲ್ಟ್ ಒಂದು ಪಕ್ಕ ಮೇಲೆತ್ತಿ ವಾಲಿಸುವುದುಂಟು. ಆಗ ಸೀಟಿನದೇ ಲಾಕ್ ಇದ್ದರೆ ಸುರುಳಿಯ ಲಾಕ್ ಬಿಟ್ಟು ಅದನ್ನು ಬಳಸಿ.

ಸುರುಳಿ ಲಾಕ್ ಆಗದಿದ್ದರೆ ನಾಲಿಗೆಯನ್ನು ತಿರುಗಿಸಿ ಹಿಂಭಾಗ ನೋಡಿ. ಅಲ್ಲಿ ಬೆಲ್ಟನ್ನು ಅದುಮಿ ಹಿಡಿಯುವ ಅಡ್ಡಕಡ್ಡಿ ಇದ್ದರೆ ತುದಿ ಎಳೆದು ಬಿಗಿ ಮಾಡಿದರೆ ಸಾಕು. ಸೊಂಟದ ಬೆಲ್ಟ್ ಮಾತ್ರ ಇರುವ ಕಡೆ ಇಂಥ ನಾಲಿಗೆ ಹೆಚ್ಚು. ಇಂಥದ್ದು ಓರೆಯಾಗಿ ಕೂತರೆ ಬೆಲ್ಟ್ ಮೆಲ್ಲಗೆ ಜಾರಿ ಸಡಿಲವಾಗುತ್ತದೆ, ಬಕಲ್ ಹಾಕಿದಾಗ ಮೇಲುನೋಟಕ್ಕೆ ಇದು ಕಾಣುವುದೇ ಇಲ್ಲ. ನಾಲಿಗೆಯನ್ನು ಮಗುಚಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎರಡೂ ಇಲ್ಲದಿದ್ದರೆ ಸೀಟಿನ ಲಾಕ್ ಬೇಕೇಬೇಕು. ಅದೂ ಇಲ್ಲವೆಂದರೆ ಇಂಗ್ಲಿಷ್ ಎಚ್ ಅಕ್ಷರದ ಆಕಾರದ ಲೋಹದ ಲಾಕಿಂಗ್ ಕ್ಲಿಪ್. ಸೀಟಿನ ಕೈಪಿಡಿ ಒಪ್ಪಿದ್ದನ್ನೇ ಬಳಸಬೇಕು. ಬೆಲ್ಟನ್ನು ಬಿಗಿ ಮಾಡಿ, ನಾಲಿಗೆಯ ಹತ್ತಿರ ಸೊಂಟದ, ಭುಜದ ಎರಡೂ ಪಟ್ಟಿಗಳನ್ನು ಕೂಡಿಸಿ ಚಿವುಟಿ ಹಿಡಿದು ಬಕಲ್ ಬಿಚ್ಚಿ. ನಾಲಿಗೆಯಿಂದ ಸುಮಾರು 2.5 ಸೆಂ.ಮೀ. ಒಳಗೆ ಕ್ಲಿಪ್ ಕೂರಿಸಿ ಮತ್ತೆ ಬಕಲ್ ಹಾಕಿ. ದೂರ ಹಾಕಿದರೆ ಜಾರುತ್ತದೆ. ಬೆರಳು ನೋಯಿಸುವ ಕೆಲಸ, ಆದರೂ ಅವಸರ ಬೇಡ.

ಪರೀಕ್ಷೆ ಬೆಲ್ಟ್ ದಾರಿಯಲ್ಲೇ. ಅಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಳೆದಾಗ 2.5 ಸೆಂ.ಮೀ.ಗಿಂತ ಕಡಿಮೆ ಸರಿಯಬೇಕು. ಹಿಮ್ಮುಖ ಸೀಟಿನ ತಲೆಯ ಭಾಗ ಅದಕ್ಕಿಂತ ಹೆಚ್ಚು ಅಲುಗುವುದು ಸಹಜ, ಅಲ್ಲಿ ಹಿಡಿದು ಅಳೆಯಬೇಡಿ. ಮುಮ್ಮುಖ ಸೀಟಿಗೆ ಟಾಪ್ ಟೆದರ್, ಅಂದರೆ ಸೀಟಿನ ಮೇಲ್ಭಾಗವನ್ನು ಕಾರಿಗೆ ಕಟ್ಟುವ ಪಟ್ಟಿ ಇದ್ದರೆ ಅದನ್ನೂ ಕಾರಿನ ಕೊಕ್ಕೆಗೆ ಸಿಕ್ಕಿಸಿ. ಅಪಘಾತದಲ್ಲಿ ಮಗುವಿನ ತಲೆ ಮುಂದಕ್ಕೆ ಹೋಗುವುದನ್ನು ಅದು ಬಹಳ ಕಡಿಮೆ ಮಾಡುತ್ತದೆ.

ಎಷ್ಟು ಎಳೆದರೂ ಸಡಿಲವೇ? ಬಕಲ್ ಸೀಟಿನ ಅಂಚಿಗೆ ತಾಗಿ ಮಡಚಿಕೊಂಡಿದೆಯೇ ನೋಡಿ. ತಾಗಿದ್ದರೆ ಅದು ಪೂರ್ತಿ ಬಿಗಿಯಾಗುವುದಿಲ್ಲ, ಒತ್ತಡಕ್ಕೆ ಬಕಲ್ ಮುರಿಯಲೂಬಹುದು. ಇನ್ನೊಂದು ಜಾಗದಲ್ಲಿ ಕೂರಿಸುವುದೇ ಮೇಲು. ಮುಂಭಾಗದಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಮ್ಮುಖ ಸೀಟನ್ನು ಅಲ್ಲಿ ಎಂದಿಗೂ ಇಡಬೇಡಿ.

ಸ್ವಲ್ಪ ದೊಡ್ಡ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿನ ಮಾತೇ ಬೇರೆ. ಅಲ್ಲಿ ಬೆಲ್ಟ್ ಹಿಡಿಯುವುದು ಮಗುವನ್ನೇ. ಭುಜದ ಬೆಲ್ಟ್ ಇಲ್ಲದ ಜಾಗದಲ್ಲಿ ಬೂಸ್ಟರ್ ಬಳಸಲೇಬಾರದು. ಬೆಲ್ಟನ್ನು ಲಾಕ್ ಮಾಡದೆ, ತೊಡೆಯ ಮೇಲೆ ತಗ್ಗಾಗಿ, ಭುಜದ ನಡುವೆ ಹಾದುಹೋಗುವಂತೆ ಹಾಕಿ.