ಫಿಲಿಪಿನೋ ಬಾಕ್ಸ್ ಕ್ರಿಸ್ಮಸ್‌ಗೆ ಮುಂಚೆ ಮುಟ್ಟಿಸಿದ್ದು: ನನ್ನ ಅನುಭವ

ಕಳೆದ ವರ್ಷ ನಮ್ಮ ಅಂಗಡಿಯಿಂದ ಮನಿಲಾಕ್ಕೆ ಹೋದ ಬಾಕ್ಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಕ್ರಿಸ್ಮಸ್‌ಗೆ ಮುಂಚೆ ಮನೆ ಮುಟ್ಟಿದವು. ಬಾಕ್ಸ್ ಅಂದರೆ ಇಲ್ಲಿ ದುಡಿಯುವ ಫಿಲಿಪಿನೋಗಳು ಸಾಮಾನು ತುಂಬಿ ಊರಿನ ಮನೆಯವರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆ. ದುಬೈನ ಸತ್ವಾ, ದೇರಾ ಕಡೆ ಕಾರ್ಗೋದಲ್ಲಿ ಇರುವವರಿಗೆ ಇದು ಎಂಥ ಕೆಲಸ ಅಂತ ಗೊತ್ತು. ನವೆಂಬರ್ ಬಂತೆಂದರೆ ಫಿಲಿಪಿನೋ ಗಿರಾಕಿಗಳೆಲ್ಲ ಒಟ್ಟಿಗೆ ಬರುತ್ತಾರೆ. ಬಾಕ್ಸ್ ಹಡಗಿನಲ್ಲಿ ಹೋಗಿ ಜನವರಿಗೆ ತಲುಪುತ್ತದೆ, ಬೈಗುಳ ನಮಗೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಬಾಕ್ಸ್ ಮುಚ್ಚಿಸುತ್ತೇನೆ ಅಂದಾಗ ನಮ್ಮ ಮಂಗಳೂರಿನ ಹುಡುಗರೇ "ಅದೆಲ್ಲ ಆಗುವ ಮಾತಾ ಮಾರಾಯಾ" ಅಂದಿದ್ದರು. ಆಯಿತು.

ತಡ ಆಗುವುದು ಹಡಗಿನಿಂದ ಅಲ್ಲ, ದುಡ್ಡಿನಿಂದ. ಸಲೂನಿನಲ್ಲೋ ಮನೆಗೆಲಸಕ್ಕೋ ಇರುವ ಆತೆಗೆ (ಅಕ್ಕಂದಿರನ್ನು ನಾವೂ ಹಾಗೇ ಕರೆಯುವುದು) ಸಂಬಳ ಎರಡು ಸಾವಿರ ದಿರ್ಹಂ ಆಸುಪಾಸು. ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ) ಬಾಡಿಗೆ ಹೋಯಿತು, ಊರಿಗೆ ಕಳಿಸುವುದು ಹೋಯಿತು. ಜಂಬೋ ಬಾಕ್ಸಿಗೆ ಮನಿಲಾಕ್ಕೆ ಸುಮಾರು 250, ದಕ್ಷಿಣದ ಮಿಂಡನಾವೋ ದ್ವೀಪಕ್ಕೆ ಇನ್ನೂ ಐವತ್ತು ಜಾಸ್ತಿ. ಅದು ಬಿಡಿ, ಒಳಗೆ ತುಂಬುವ ಸಾಮಾನಿಗೇ ಸಾವಿರ ಬೇಕು. ಒಂದೇ ಸಲ ಎಲ್ಲಿಂದ ತರುತ್ತಾರೆ?

ಮೊದಲು ಆಗಸ್ಟ್ ಡಿಸ್ಕೌಂಟ್ ಅಂತ ಇಪ್ಪತ್ತು ದಿರ್ಹಂ ಬಿಟ್ಟೆವು. ಜಾಹೀರಾತಿನ ಚೀಟಿ ಹಂಚಿದ ಖರ್ಚೂ ಹುಟ್ಟಲಿಲ್ಲ. ಆಮೇಲೆ ಖಾಲಿ ಬಾಕ್ಸ್ ಫ್ರೀಯಾಗಿ ಮೊದಲೇ ಕೊಟ್ಟೆವು. ಅದು ಮಂಚದ ಪಕ್ಕ ಮೇಜಿನ ಹಾಗೆ ಕೂತಿತು, ಬಂದಿದ್ದು ಮತ್ತೆ ನವೆಂಬರ್‌ಗೇ. ಒಂದು ಬಾಕ್ಸಿಗೆ ಎಂಟು ಹತ್ತು ದಿರ್ಹಂ ಅಂತ ಹಿಡಿದರೆ ಆ ವರ್ಷ ಸುಮಾರೇ ಹೋಯಿತು.

ದಾರಿ ಸಿಕ್ಕಿದ್ದು ಅವರ ಪಲುವಾಗನ್ ನೋಡಿ. ನಮ್ಮ ಕಡೆಯ ಚೀಟಿ ವ್ಯವಹಾರವೇ ಅದು. ಹತ್ತು ಜನ ಸೇರಿ ತಿಂಗಳು ತಿಂಗಳು ಹಾಕುತ್ತಾರೆ, ಸರದಿಯಲ್ಲಿ ಒಬ್ಬರು ಎತ್ತುತ್ತಾರೆ. ದುಡ್ಡು ನಮ್ಮ ಕೈಗೆ ಬೇಡವೇ ಬೇಡ, ದುಡ್ಡಿನ ಬದಲು ಸಾಮಾನು ಎತ್ತಿ ಅಂದೆ. ತಿಂಗಳಿಗೊಂದು ಬಗೆ. ಫೆಬ್ರವರಿಯಲ್ಲಿ ಟವೆಲ್, ಚಪ್ಪಲಿ. ಮಾರ್ಚ್‌ನಲ್ಲಿ ಸೋಪು, ಟೂತ್‌ಪೇಸ್ಟ್. ಆಮೇಲೆ ಲೋಷನ್, ಶಾಂಪೂ. ಕಾರ್ನ್ಡ್ ಬೀಫ್ ಡಬ್ಬಿ, ಹಾಲಿನ ಪುಡಿ, ಕಾಫಿ ಕೊನೆಗೆ, ಡೇಟ್ ನೋಡಿ. ಹೋಲ್‌ಸೇಲಿನಲ್ಲಿ ಕಾರ್ಟನ್ ಎತ್ತಿ ನಾಲ್ಕು ಜನ ಹಂಚಿಕೊಂಡರೆ 24 ಡಬ್ಬಿಯಲ್ಲಿ ತಲಾ ಆರು. ಸೂಪರ್‌ಮಾರ್ಕೆಟ್‌ಗಿಂತ ಕಾಲು ಭಾಗ ಉಳಿಯುತ್ತದೆ. ವ್ಯಾಪಾರದ ಮಾಲು ಅಂತ ಅಲ್ಲಿ ಕಸ್ಟಮ್ಸ್‌ನವರು ಹಿಡಿಯುವ ಹಾಗೂ ಇಲ್ಲ, ಒಂದೇ ಬಗೆಯದು ಡಜನ್ ದಾಟುವುದಿಲ್ಲವಲ್ಲ. ಯಾವ ಅಂಗಡಿಯಿಂದ ಎತ್ತುತ್ತೇವೆ ಅಂತ ಮಾತ್ರ ಕೇಳಬೇಡಿ. ಆಗಸ್ಟ್ ಹೊತ್ತಿಗೆ ಬಾಕ್ಸ್ ತಾನಾಗಿಯೇ ತುಂಬಿರುತ್ತದೆ, ಉಳಿಯುವುದು ಕಳಿಸುವ 250 ಒಂದೇ.

ಪ್ಯಾಕಿಂಗ್‌ನಲ್ಲಿ ಎರಡು ಮಾತು. ಲೋಷನ್ ಬಾಟಲಿಯ ಮುಚ್ಚಳ ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ತುಂಡು ಇಟ್ಟು, ಮತ್ತೆ ತಿರುಗಿಸಿ, ಸುತ್ತ ಟೇಪು ಹಾಕಿ, ನಿಲ್ಲಿಸಿಯೇ ಇಡಬೇಕು. ಸೋಪನ್ನು ಕಾಫಿ, ಬಿಸ್ಕತ್ತಿನ ಹತ್ತಿರ ಇಡಲೇಬಾರದು. ಬಿಸಿಲಿಗೆ ಕಂಟೇನರ್ ಕಾದು ತಿಂಗಳುಗಟ್ಟಲೆ ಕೂತಾಗ ಕಾಫಿಗೆಲ್ಲ ಸೋಪಿನ ವಾಸನೆ ಹಿಡಿಯುತ್ತದೆ. ನಾನು ನಡುವೆ ಟವೆಲ್ಲಿನ ಗೋಡೆ ಕಟ್ಟುತ್ತೇನೆ, ಸೋಪು ಒಂದು ಮೂಲೆ, ತಿಂಡಿ ಎದುರು ಮೂಲೆ. ಡಬ್ಬಿಗಳು ತಳಕ್ಕೆ. ಶೂ ಒಳಗೆ ಸಾಕ್ಸ್, ಸಾಕ್ಸ್ ಒಳಗೆ ಸಣ್ಣ ಸ್ಯಾಶೆ. ಸಂದಿ ಉಳಿದರೆ ಬಾಕ್ಸ್ ಕುಸಿಯುತ್ತದೆ, ಗೊತ್ತಲ್ಲ.

ಗಾಳಿ ಎಳೆಯುವ ವ್ಯಾಕ್ಯೂಮ್ ಬ್ಯಾಗನ್ನೂ ನೋಡಿದೆ. ಲೆಕ್ಕ ಬಾಕ್ಸಿಗೆ, ತೂಕಕ್ಕಲ್ಲ, ಆದ್ದರಿಂದ ಬಟ್ಟೆ ಕುಗ್ಗಿದಷ್ಟೂ ಲಾಭ ಅಲ್ವಾ? ಬಾಕ್ಸ್ ಎತ್ತಲು ಮೂರು ಜನ ಬೇಕಾಯಿತು, ಒಂದರ ತಳವೇ ಕಿತ್ತಿತು. ಇನ್ನು ಕೆಲವು ಬ್ಯಾಗುಗಳಿಗೆ ದಾರಿಯಲ್ಲಿ ಗಾಳಿ ಹೊಕ್ಕು, ಬಟ್ಟೆ ಉಬ್ಬಿ, ಮೇಲಿನ ಟೇಪು ಬಿಚ್ಚಿಕೊಂಡಿತು. ಅಲ್ಲಿಗೆ ಬಿಟ್ಟೆ. ತಿಂಗಳು ತಿಂಗಳು ತುಂಬುವ ಇದೇ ಲೆಕ್ಕವನ್ನು ಕುಂದಾಪುರದ ನಮ್ಮವರ ಕಾರ್ಗೋಗೂ ಹೂಡಿ ನೋಡಿದೆ, ಕೂಡಲಿಲ್ಲ. ಊರಿಗೆ ಕಿಲೋ ಲೆಕ್ಕ, ಅಲ್ಲಿ ಡಬ್ಬಿ ತುಂಬುವುದೇ ನಷ್ಟ.

ಆಗಸ್ಟ್‌ನಲ್ಲಿ ಮುಚ್ಚಿದರೆ ಚಾಕಲೇಟ್ ಕರಗುತ್ತದಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮದು ಕರಗುವುದಿಲ್ಲ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ಸಾಮಾನಿನ ಪಟ್ಟಿ ಬರೆಸುವುದೇ ದೊಡ್ಡ ತಲೆನೋವು. 2015ರಲ್ಲಿ ಕಸ್ಟಮ್ಸ್‌ನವರು ಬಾಕ್ಸ್ ಬಿಚ್ಚಿ ನೋಡುತ್ತಾರೆ ಅಂತ ಆದಾಗ ಅವರ ಜನ ಎಲ್ಲ ಕಡೆ ಸಿಡಿದೆದ್ದರು, ಕೊನೆಗೆ ಆಗಿನ ಫಿಲಿಪೈನ್ಸ್ ಅಧ್ಯಕ್ಷ ಅಕಿನೋ ಸುಮ್ಸುಮ್ನೆ ಬಿಚ್ಚಬೇಡಿ, ಎಕ್ಸ್‌ರೇ ಮಾಡಿ ಅನ್ನಬೇಕಾಯಿತು. ಆ ಭಯ ಈಗಲೂ ಇದೆ. 2016ರ ಕಾನೂನಿನಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಪೆಸೋವರೆಗೆ ಸುಂಕ ಇಲ್ಲ, ಮೂರು ಸಲ ಕಳಿಸಬಹುದು. ನಾವು ತಿಂಗಳು ತಿಂಗಳು ಹಾಕುವಾಗಲೇ ಬರೆಸುತ್ತೇವೆ, ಬಿಲ್ಲು ಬಾಕ್ಸಿನ ಮುಚ್ಚಳಕ್ಕೇ ಅಂಟಿರುತ್ತದೆ. ಕೊನೆಯ ದಿನದ ಗಡಿಬಿಡಿ ಇಲ್ಲ.

ಎಲ್ಲಕ್ಕಿಂತ ಕೆಟ್ಟ ಅನುಭವ ಅಲ್ಲಿನ ಒಬ್ಬ ಏಜೆಂಟನದ್ದು. ಹೆಸರು ಬೇಡ. ನಮ್ಮ ದುಡ್ಡು ತೆಗೆದುಕೊಂಡು ಬಂದರಿನಲ್ಲಿ ಕಟ್ಟಲಿಲ್ಲ, ಬಾಕ್ಸ್‌ಗಳು ತಿಂಗಳುಗಟ್ಟಲೆ ಅಲ್ಲೇ ಕೊಳೆತವು. ಒಬ್ಬ ಆತೆ ಮಗಳ ಶಾಲೆಯ ಶೂ ಇಟ್ಟಿದ್ದಳು. ಅದು ತಲುಪುವಾಗ ಮಗುವಿನ ಕಾಲು ಬೆಳೆದಿತ್ತು. ನಾವು ಕೈಯಿಂದ ಐದಾರು ಸಾವಿರ ದಿರ್ಹಂ ಕೊಟ್ಟು ಬಿಡಿಸಿದೆವು. ಈಗ ಮನೆ ಬಾಗಿಲಲ್ಲಿ ಬಾಕ್ಸ್ ಜತೆ ಮನೆಯವರ ಫೋಟೋ ಬಂದ ಮೇಲೆಯೇ ಏಜೆಂಟನಿಗೆ ಉಳಿದರ್ಧ ದುಡ್ಡು.

ಮಿಂಡನಾವೋದ ದವಾವೋ ಕಡೆಯವು ಮಾತ್ರ ಕಳೆದ ಸಲವೂ ಕೆಲವು ತಡವಾದವು, ಮನಿಲಾದಲ್ಲಿ ಇಳಿದು ಮತ್ತೆ ಬೇರೆ ಹಡಗು ಹತ್ತಬೇಕು. ಆ ಗುಂಪಿಗೆ ಈ ವರ್ಷ ಜನವರಿಯಲ್ಲೇ ಶುರು ಮಾಡಿಸಿದ್ದೇನೆ, ಜುಲೈಗೆ ಮುಚ್ಚಬೇಕು.